ಬಾತುಕೋಳಿ ಕ್ಯಾಸೆಟ್ ಹುಡುಕಿಕೊಂಡು ಟೋಕಿಯೊಗೆ

ಹೊರಡುವ ಮುಂಚೆ, ಮಂಗಳೂರು

ಜಪಾನಿಗೆ ಹೋಗುತ್ತಿದ್ದೇನೆ ಅಂದ ಕೂಡಲೇ ಮನೆಯಲ್ಲಿ ಪಟ್ಟಿ ತಯಾರಾಯಿತು. ಅಮ್ಮನಿಗೆ ಒಂದು ಒಳ್ಳೆಯ ಚೂರಿ ಬೇಕು. ಅಕ್ಕನ ಮಗಳಿಗೆ ಪೆನ್ಸಿಲ್ ಬಾಕ್ಸ್. ಉಡುಪಿಯಿಂದ ಫೋನ್ ಮಾಡಿದ ಅಕ್ಕ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಬಾತುಕೋಳಿ ಗೇಮ್ ಉಂಟಲ್ಲ, ಅದು ಸಿಕ್ಕಿದ್ರೆ ತಾ ಮಾರಾಯ" ಅಂದಳು.

ಬಾತುಕೋಳಿ ಗೇಮ್ ಅಂದ್ರೆ ಏನು ಅಂತ ನಮ್ಮ ಮನೆಯವರಿಗೆ ಬಿಟ್ಟು ಬೇರೆಯವರಿಗೆ ಗೊತ್ತಾಗುವುದಿಲ್ಲ. 1993ರಲ್ಲಿ ದುಬೈಯಲ್ಲಿದ್ದ ಮಾವ ರಜೆಗೆ ಬರುವಾಗ ಒಂದು ಟಿವಿ ಗೇಮ್ ತಂದಿದ್ದರು. ಆ ಕಾಲದಲ್ಲಿ ಮಂಗಳೂರಿನ ಅರ್ಧ ಮನೆಗಳಿಗೆ ಹೊಸ ವಸ್ತು ಬರುತ್ತಿದ್ದದ್ದು ಹಾಗೆಯೇ, ಗಲ್ಫಿನಿಂದ ಬಂದ ಯಾರದೋ ಪೆಟ್ಟಿಗೆಯಲ್ಲಿ. ಟ್ಯಾಂಗ್ ಡಬ್ಬದ ಪಕ್ಕದಲ್ಲಿ, ಲುಂಗಿಯಲ್ಲಿ ಸುತ್ತಿಕೊಂಡು ಆ ಮೆಷಿನ್ ಬಂತು. ಜೊತೆಗೆ ಒಂದು ಹಳದಿ ಕ್ಯಾಸೆಟ್. ಅದರ ಮೇಲೆ 64 ಇನ್ 1 ಅಂತ ಬರೆದಿತ್ತು. ಒಳಗೆ ಅಷ್ಟು ಗೇಮ್ ಇರಲಿಲ್ಲ, ಅರ್ಧದ ನಂತರ ಮೊದಲಿನವೇ ಪುನಃ ಬರುತ್ತಿದ್ದವು. ಹೆಸರು ಓದುವ ಗೋಜಿಗೆ ನಾವು ಹೋಗಲಿಲ್ಲ. ನಂಬರಿನಲ್ಲೇ ವ್ಯವಹಾರ. ಟ್ಯಾಂಕ್ ಗೇಮ್ 9, ಸರ್ಕಸ್ 14, ಬಾತುಕೋಳಿ 23.

ಅದು ಪೆಂಗ್ವಿನ್. ಆದರೆ ಅಜ್ಜಿ ಒಮ್ಮೆ ಬಾತುಕೋಳಿ ಅಂದದ್ದು ಹಾಗೇ ಉಳಿಯಿತು. ಹಿಮದ ಮೇಲೆ ಅದು ಓಡುತ್ತಲೇ ಇರುತ್ತದೆ. ಹೊಂಡ ಬಂದರೆ ಹಾರಬೇಕು. ಕೆಲವು ಹೊಂಡದಿಂದ ಸೀಲ್ ತಲೆ ಹಾಕುತ್ತದೆ, ಕೆಲವು ಹೊಂಡದಿಂದ ಮೀನು ಹಾರುತ್ತದೆ. ಮೀನು ಹಿಡಿದರೆ ಪಾಯಿಂಟ್. ಅದರ ಹಿಂದೆ ಒಂದು ಹಾಡು ತಿರುಗಿ ತಿರುಗಿ ಬರುತ್ತಿತ್ತು, ತೊಟ್ಟಿಲು ತೂಗುವ ಹಾಗೆ. ಮೂರು ಪೆಟ್ಟಿನ ಹಾಡು. ಮಂಗಳೂರಿನ ಜೆಪ್ಪಿನಲ್ಲಿರುವ ನಮ್ಮ ಮನೆಯಲ್ಲಿ ಅಡುಗೆ ಮಾಡುತ್ತಿದ್ದ ಅಮ್ಮನಿಗೂ ಅದು ಬಾಯಿಪಾಠ.

ನೆಟ್‌ನಲ್ಲಿ ಹುಡುಕಿದ್ದರೆ ಎರಡು ನಿಮಿಷದಲ್ಲಿ ಹೆಸರು ಸಿಗುತ್ತಿತ್ತು, ಗೊತ್ತು. ಹುಡುಕಲಿಲ್ಲ. ಅಷ್ಟು ದೂರ ಹೋಗುವಾಗ ಹುಡುಕಲಿಕ್ಕೆ ಒಂದಾದರೂ ಇರಲಿ ಅಂತ.

ಮೊದಲ ದಿನ, ಗುರುವಾರ

ಮಂಗಳೂರಿನಿಂದ ರಾತ್ರಿ ಬಸ್ಸು, ಶಿರಾಡಿ ಘಾಟಿಯ ಕುಲುಕಾಟ, ಬೆಂಗಳೂರಿನಿಂದ ನರಿಟಾಗೆ ನೇರ ವಿಮಾನ. ಹೇಳುವಂಥದ್ದು ಏನೂ ಇಲ್ಲ. ಗಡಿಯಾರವನ್ನು ಮೂರೂವರೆ ಗಂಟೆ ಮುಂದೆ ತಿರುಗಿಸಿಕೊಂಡೆ, ಅಷ್ಟೇ.

ಭಾವ, ಅಂದರೆ ನನ್ನ ಸೋದರತ್ತೆಯ ಮಗ, ನಿಶಿ ಕಸಾಯಿಯಲ್ಲಿ ಇದ್ದಾನೆ. ಟೋಕಿಯೊದ ಪೂರ್ವಕ್ಕೆ ಇರುವ ಈ ಜಾಗದಲ್ಲಿ ನಮ್ಮವರು ತುಂಬಾ. ತೊಗರಿಬೇಳೆ, ಸಾಸಿವೆ, ಇಂಗು ಎಲ್ಲ ಅಂಗಡಿಯಲ್ಲಿ ಸಿಗುತ್ತದೆ. ಭಾವ ಇಲೆಕ್ಟ್ರಾನಿಕ್ಸ್ ಇಂಜಿನಿಯರ್. ನಾವಿಬ್ಬರೂ ಒಂದೇ ಪ್ರಾಯ. ಬೇಸಿಗೆ ರಜೆಯಲ್ಲಿ ನಮ್ಮ ಮನೆಗೆ ಬಂದು ಆ ಮೆಷಿನ್‌ನ ಎರಡನೇ ಕಂಟ್ರೋಲರ್ ಹಾಳು ಮಾಡಿದವನು ಅವನೇ. ಈಗಲೂ ಒಪ್ಪುವುದಿಲ್ಲ.

ಸಂಜೆ ಬೀದಿಗೆ ಹೋಗಿ ಸಾಬಾ ಊಟ ಮಾಡಿದೆವು. ಸಾಬಾ ಅಂದರೆ ನಮ್ಮ ಬಂಗುಡೆಯ ದಾಯಾದಿ. ಉಪ್ಪು ಹಚ್ಚಿ ಸುಟ್ಟು, ಪಕ್ಕದಲ್ಲಿ ತುರಿದ ಮೂಲಂಗಿ ಇಡುತ್ತಾರೆ. ಮೀನು ಒಳ್ಳೆದಿತ್ತು. ಆದರೆ ಬ್ಯಾಡಗಿ ಮೆಣಸು ಕಾಣದ ಬಂಗುಡೆಯನ್ನು ನೋಡುವಾಗ ಸ್ವಲ್ಪ ಪಾಪ ಅನ್ನಿಸಿತು.

ಎರಡನೇ ದಿನ, ಶುಕ್ರವಾರ: ಅಕಿಹಬಾರ

ಭಾವನಿಗೆ ಆಫೀಸು. "ಕಯಾಬಚೊದಲ್ಲಿ ಇಳಿದು ಹಿಬಿಯಾ ಲೈನ್ ಹಿಡಿ, ಅಕಿಹಬಾರಕ್ಕೆ ಸೀದಾ ಹೋಗ್ತದೆ. ನಾನು ಬರುವ ತನಕ ದೊಡ್ಡದು ಎಂತದೂ ತಗೊಳ್ಬೇಡ" ಅಂತ ಹೇಳಿ ಹೋದ. ಎರಡನೇ ಮಾತನ್ನು ನಾನು ಕೇಳಬೇಕಿತ್ತು.

ಅಕಿಹಬಾರ ಅಂದರೆ ಬಣ್ಣದ ಬೋರ್ಡು, ಗೊಂಬೆ, ಗದ್ದಲ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಮೊದಲು ಕಂಡದ್ದು ರೈಲು ಹಳಿಯ ಅಡಿಯಲ್ಲಿರುವ ಗೂಡಂಗಡಿಗಳು. ಯುದ್ಧ ಮುಗಿದ ಮೇಲೆ ಇಲ್ಲಿ ರೇಡಿಯೊ ಬಿಡಿಭಾಗಗಳ ಕಾಳಸಂತೆ ಇತ್ತು. ಅದೇ ಮುಂದೆ ಇಲೆಕ್ಟ್ರಾನಿಕ್ಸ್ ಪೇಟೆ ಆಯಿತು. ಆ ಕಾಲದ ತುಂಡು ಇನ್ನೂ ಉಳಿದಿದೆ. ಒಬ್ಬರು ನಡೆದರೆ ಇನ್ನೊಬ್ಬರು ಓರೆಯಾಗಬೇಕಾದ ಓಣಿ. ಒಬ್ಬ ಮುದುಕ ಬರೀ ಸ್ವಿಚ್ ಮಾರುತ್ತಾನೆ, ಪಕ್ಕದವ ಬರೀ ವಯರು. ನಮ್ಮ ಬಂದರಿನ ಗಲ್ಲಿಗಳಲ್ಲಿ ಹಗ್ಗಕ್ಕೇ ಒಂದು ಅಂಗಡಿ, ಬೆಲ್ಲಕ್ಕೇ ಒಂದು ಅಂಗಡಿ ಇರುವುದಿಲ್ವಾ, ಹಾಗೆ.

ಅಲ್ಲಿಂದ ಸೂಪರ್ ಪೊಟ್ಯಾಟೊಗೆ ಹೋದೆ. ಹಳೆ ಗೇಮ್ ಅಂದರೆ ಎಲ್ಲರೂ ಹೇಳುವ ಹೆಸರು ಇದು. ಮೂರನೇ ಮಹಡಿಗೆ ಹತ್ತಿ ಬಾಗಿಲು ದಾಟಿದರೆ ಹಳೆ ಪ್ಲಾಸ್ಟಿಕ್ಕಿನ ವಾಸನೆ. ನಾಲ್ಕೈದು ಗೇಮ್‌ಗಳ ಸಂಗೀತ ಒಟ್ಟಿಗೇ ಕಿವಿಗೆ ಬೀಳುತ್ತದೆ. ಗೋಡೆ ತುಂಬ ಫ್ಯಾಮಿಕಾಮ್ ಕ್ಯಾಸೆಟ್‌ಗಳು, ಕೆಂಪು, ನೀಲಿ, ಹಸಿರು, ಹಳದಿ, ಮಾರ್ಕೆಟಿನಲ್ಲಿ ಬಳೆ ಜೋಡಿಸಿಟ್ಟ ಹಾಗೆ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಫ್ಯಾಮಿಕಾಮ್ ಅಂದರೆ ಫ್ಯಾಮಿಲಿ ಕಂಪ್ಯೂಟರ್. ನಿಂಟೆಂಡೊ ಇದನ್ನು 1983ರ ಜುಲೈ 15ರಂದು 14,800 ಯೆನ್‌ಗೆ ಮಾರಾಟಕ್ಕೆ ಬಿಟ್ಟಿತು. ಅಮೆರಿಕಕ್ಕೆ ಹೋದಾಗ ಅದರ ರೂಪ, ಹೆಸರು, ಕ್ಯಾಸೆಟ್‌ನ ಅಳತೆ ಎಲ್ಲ ಬದಲಾಯಿತು. ಅಮೆರಿಕದ ಕ್ಯಾಸೆಟ್‌ಗೆ 72 ಪಿನ್, ಜಪಾನಿನದಕ್ಕೆ 60. ನಮ್ಮ ಕಡೆಗೆ ದುಬೈ ದಾರಿಯಲ್ಲಿ ಬಂದ ನಕಲಿ ಮೆಷಿನ್‌ಗಳು ಜಪಾನಿನ 60 ಪಿನ್ ನೋಡಿ ಮಾಡಿದವು. ಅಂದರೆ ಟೋಕಿಯೊದ ಈ ಅಸಲಿ ಕ್ಯಾಸೆಟ್ ನಮ್ಮ ಜೆಪ್ಪಿನ ಅಟ್ಟದಲ್ಲಿರುವ ಡೂಪ್ಲಿಕೇಟ್ ಮೆಷಿನ್‌ಗೆ ಸರಿಯಾಗಿ ಕೂರುತ್ತದೆ. ಅಮೆರಿಕದ ಅಸಲಿ ಮೆಷಿನ್‌ಗೆ ಕೂರುವುದಿಲ್ಲ. ಇದು ನೆನಪಾದಾಗ ನನಗೆ ಸುಮ್ನೆ ಒಂದು ಖುಷಿ.

ಇನ್ನೂ ಒಂದು ಖುಷಿ ಇತ್ತು. ನಾವು ಅದನ್ನು ಯಾವಾಗಲೂ ಕ್ಯಾಸೆಟ್ ಅಂದೆವು. ಬೆಂಗಳೂರಿಗೆ ಹೋದ ಮೇಲೆ ಗೇಮ್ ಗೊತ್ತಿದ್ದವರು "ಅದು ಕಾರ್ಟ್ರಿಜ್" ಅಂತ ತಿದ್ದುತ್ತಿದ್ದರು, ನನಗೆ ನಾಚಿಕೆ ಆಗುತ್ತಿತ್ತು. ಇಲ್ಲಿ ಅಂಗಡಿ ಹುಡುಗ ನನ್ನ ಕೈಯಲ್ಲಿದ್ದದ್ದನ್ನು ತೋರಿಸಿ "ಕಸೆಟ್ಟೊ" ಅಂದ. ಜಪಾನಿನವರೂ ಕ್ಯಾಸೆಟ್ ಅಂತಲೇ ಹೇಳುವುದು. ತಿದ್ದಿದವರಿಗೆಲ್ಲ ಅಲ್ಲಿಂದಲೇ ಒಂದು ಮೆಸೇಜ್ ಹಾಕುವ ಅಂತ ಅನ್ನಿಸಿತು, ಹಾಕಲಿಲ್ಲ.

ಕೊಳ್ಳುವವರಿಗೆ ಕೆಲಸಕ್ಕೆ ಬರುವ ಮಾತು ಒಂದೆರಡು. ಬರೀ ಕ್ಯಾಸೆಟ್ ಆದರೆ ಅಗ್ಗ. ಅದೇ ಗೇಮ್ ಪೆಟ್ಟಿಗೆ ಮತ್ತು ಪುಸ್ತಕದ ಜೊತೆ ಇದ್ದರೆ ಮೂರು ಪಟ್ಟು, ಕೆಲವಕ್ಕೆ ಹತ್ತು ಪಟ್ಟು. ಚೀಟಿಯಲ್ಲಿ ಜಂಕು ಅಂತ ಬರೆದಿದ್ದರೆ ಅದು ನಡೆಯುತ್ತದೋ ಇಲ್ಲವೋ ನಿಮ್ಮ ಹಣೆಬರಹ, ವಾಪಸು ತೆಗೆದುಕೊಳ್ಳುವುದಿಲ್ಲ. ಆಟದ ಮಧ್ಯೆ ಸೇವ್ ಮಾಡುವ ಗೇಮ್ ಆದರೆ ಒಳಗೊಂದು ಬಟನ್ ಸೆಲ್ ಇರುತ್ತದೆ. ಮೂವತ್ತು ಮೂವತ್ತೈದು ವರ್ಷ ಆದ ಮೇಲೆ ಅದು ಸತ್ತಿರುವುದೇ ಜಾಸ್ತಿ. ಬದಲಿಸಿದ್ದಾರಾ ಕೇಳಿ. ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ನಾನು ಹೋದಾಗ ಒಂದೇ ಅಂಗಡಿಯಲ್ಲಿ 5,000 ಯೆನ್ ದಾಟಿದರೆ ಹತ್ತು ಪರ್ಸೆಂಟ್ ತೆರಿಗೆ ಬಿಡುತ್ತಿದ್ದರು, ಆ ಸೌಲಭ್ಯ ಇರುವ ಅಂಗಡಿ ಆದರೆ.

ನನ್ನ ಬಾತುಕೋಳಿ ಗೋಡೆಯಲ್ಲಿ ಕಾಣಲಿಲ್ಲ. ಕಂಡರೂ ಗೊತ್ತಾಗುತ್ತಿರಲಿಲ್ಲವೋ ಏನೋ. ಎಲ್ಲ ಜಪಾನಿ ಅಕ್ಷರ. ನಾಲ್ಕು ಗಂಟೆಯ ಹೊತ್ತಿಗೆ ಬೇರೆ ಒಂದು ಸಣ್ಣ ಅಂಗಡಿಯ ಗಾಜಿನ ಕಪಾಟಿನಲ್ಲಿ ಒಂದು ಪೆಟ್ಟಿಗೆ ಕಂಡಿತು. ಹಿಮ, ಅದರ ಮೇಲೆ ಓಡುವ ಪೆಂಗ್ವಿನ್! ಬೆಲೆ 3,200 ಯೆನ್, ನಮ್ಮ ಸುಮಾರು ಸಾವಿರದ ಒಂಬೈನೂರು ರೂಪಾಯಿ. ಕೈ ನಡುಗುತ್ತಾ ತೋರಿಸಿದೆ, ಕೊಟ್ಟ, ತೆಗೆದುಕೊಂಡೆ. ಅಕ್ಕನಿಗೆ ಫೋಟೊ ಕಳಿಸಿದೆ. ಮೂರು ಸಲ ಅಳುವ ಮುಖ, ಎರಡು ಸಲ ಕುಣಿಯುವ ಮುಖ ಬಂತು.

ರಾತ್ರಿ ಭಾವ ಪೆಟ್ಟಿಗೆಯನ್ನು ತಿರುಗಿಸಿ ನೋಡಿದ. ಒಳಗಿನದ್ದನ್ನು ಹೊರಗೆ ತೆಗೆದ. ಒಂದು ನಿಮಿಷ ಏನೂ ಹೇಳಲಿಲ್ಲ.

"ಇದು ಎಂಎಸ್‌ಎಕ್ಸ್‌ನದ್ದು ಮಾರಾಯ."

"ಅಂದ್ರೆ ಎಂತ?"

"ಆ ಕಾಲದ ಕಂಪ್ಯೂಟರಿಗೆ ಹಾಕುವಂಥದ್ದು. ನಮ್ಮ ಮೆಷಿನ್‌ಗೆ ಕೂರುವುದಿಲ್ಲ. ನೋಡು, ಇದಕ್ಕೆ ಐವತ್ತೇ ಪಿನ್."

ಎಣಿಸಿದೆ. ಒಂದು ಬದಿ ಇಪ್ಪತ್ತೈದು, ಇನ್ನೊಂದು ಬದಿ ಇಪ್ಪತ್ತೈದು. ಅಂಗಡಿಯವನದ್ದು ಏನೂ ತಪ್ಪಿಲ್ಲ, ಚೀಟಿಯಲ್ಲಿ ಎಂಎಸ್‌ಎಕ್ಸ್ ಅಂತ ದಪ್ಪ ಇಂಗ್ಲಿಷ್ ಅಕ್ಷರದಲ್ಲೇ ಬರೆದಿತ್ತು. ಪೆಂಗ್ವಿನ್ ನೋಡಿದ ಮೇಲೆ ನಾನು ಬೇರೆ ಏನೂ ನೋಡಲಿಲ್ಲ. ಅಕ್ಕನಿಗೆ ಆ ರಾತ್ರಿ ಹೇಳಲಿಲ್ಲ.

ಆದರೆ ಒಂದು ಲಾಭ ಆಯಿತು. ಭಾವ ಪೆಟ್ಟಿಗೆಯ ಮೇಲಿನ ಹೆಸರನ್ನು ಓದಿದ. ಇದನ್ನು ಕೊನಾಮಿ ಕಂಪೆನಿ ಮೊದಲು 1983ರಲ್ಲಿ ಎಂಎಸ್‌ಎಕ್ಸ್‌ಗೆ ಮಾಡಿತ್ತು, ಇಂಗ್ಲಿಷಿನಲ್ಲಿ ಅಂಟಾರ್ಕ್ಟಿಕ್ ಅಡ್ವೆಂಚರ್. ಫ್ಯಾಮಿಕಾಮ್‌ಗೆ ಬಂದದ್ದು 1985ರಲ್ಲಿ. ಜಪಾನಿ ಹೆಸರು ಕೆಕ್ಕ್ಯೊಕು ನಾನ್‌ಕ್ಯೊಕು ದೈಬೊಕೆನ್. ನಾನ್‌ಕ್ಯೊಕು ಅಂದರೆ ದಕ್ಷಿಣ ಧ್ರುವ, ದೈಬೊಕೆನ್ ಅಂದರೆ ದೊಡ್ಡ ಸಾಹಸ. ಕೆಕ್ಕ್ಯೊಕು ಅಂದರೆ "ಕೊನೆಗೂ", "ಅಂತೂ ಇಂತೂ". ಪ್ರಾಸಕ್ಕೆ ಸೇರಿಸಿದ್ದು. ಅಂತೂ ಇಂತೂ ಅಂಟಾರ್ಕ್ಟಿಕ ಸಾಹಸ! ಇಪ್ಪತ್ತಮೂರನೇ ನಂಬರಿಗೆ ಇಷ್ಟು ಚಂದದ ಹೆಸರಿತ್ತು.

ಮೂರನೇ ದಿನ, ಶನಿವಾರ: ನಕಾನೊ

ಭಾವನಿಗೆ ರಜೆ. ನಿಶಿ ಕಸಾಯಿಯಿಂದ ನಕಾನೊಗೆ ತೊಝಾಯಿ ಲೈನಿನಲ್ಲಿ ಒಂದೇ ರೈಲು. ಊರಿನ ಆ ತುದಿಯಿಂದ ಈ ತುದಿಗೆ. ಆ ಲೈನಿನ ಕೊನೆಯ ಸ್ಟೇಶನ್ ನಕಾನೊ, ನಮ್ಮ ರೈಲೂ ಅಲ್ಲಿಗೇ ಮುಗಿಯುವಂಥದ್ದು, ಹಾಗಾಗಿ ನಿದ್ದೆ ಹೋದರೂ ತೊಂದರೆ ಇಲ್ಲ. ನಾನು ನಿದ್ದೆ ಹೋದೆ.

ಸ್ಟೇಶನ್ ಹೊರಗೆ ಮಾಡು ಹಾಕಿದ ಪೇಟೆಬೀದಿ, ಅದರ ತುದಿಯಲ್ಲಿ ನಕಾನೊ ಬ್ರಾಡ್‌ವೇ. 1966ರ ಕಟ್ಟಡ. ಮೇಲೆ ಮನೆಗಳು, ಕೆಳಗೆ ಅಂಗಡಿಗಳು. ಮಂದರಾಕೆ ಅನ್ನುವ ಹಳೆ ಪುಸ್ತಕ, ಹಳೆ ಆಟಿಕೆಯ ಅಂಗಡಿ 1980ರಲ್ಲಿ ಇಲ್ಲೇ ಸಣ್ಣದಾಗಿ ಶುರುವಾದದ್ದು. ಈಗ ಕಟ್ಟಡದ ತುಂಬ ಅದರ ಮರಿಗಳು. ಒಂದು ಕೋಣೆಯಲ್ಲಿ ಬರೀ ಗೊಂಬೆ, ಇನ್ನೊಂದರಲ್ಲಿ ಬರೀ ಹಳೆ ಪೋಸ್ಟರ್. ಅಕಿಹಬಾರಕ್ಕಿಂತ ನನಗೆ ಇದು ಜಾಸ್ತಿ ಇಷ್ಟ ಆಯಿತು. ಇಲ್ಲಿ ಕೆಳಗೆ ತರಕಾರಿಯೂ ಮಾರುತ್ತಾರೆ. ಕೈಯಲ್ಲಿ ನೀರುಳ್ಳಿ ಸೊಪ್ಪು ಹಿಡಿದ ಅಜ್ಜಿ ಮತ್ತು ರೋಬೊ ಗೊಂಬೆ ಹಿಡಿದ ಹುಡುಗ ಒಂದೇ ಎಸ್ಕಲೇಟರ್ ಮೇಲೆ.

ಬ್ರಾಡ್‌ವೇಯ ಹಿಂದಿನ ಓಣಿಯ ಒಂದು ಅಂಗಡಿಗೆ ಭಾವ ಕರೆದುಕೊಂಡು ಹೋದ. ನಮ್ಮ ಊರಿನ ಗಡಿಯಾರ ರಿಪೇರಿ ಅಂಗಡಿಯಷ್ಟೇ ಅಗಲ. ಯಜಮಾನರಿಗೆ ಐವತ್ತು ದಾಟಿರಬಹುದು, ಕನ್ನಡಕ ಹಣೆಯ ಮೇಲೆ. ಭಾವ ಹೆಸರು ಹೇಳಲು ಬಾಯಿ ತೆರೆದ. ನಾನು ತಡೆದೆ. ಒಂದು ಪರೀಕ್ಷೆ ಮಾಡುವ ಅಂತ. ಹಾಡನ್ನು ಗುನುಗಿದೆ, ಎರಡು ಸಾಲು.

ಯಜಮಾನರು ತಲೆ ಎತ್ತಿದರು. "ಪೆಂಗಿನ್" ಅಂದರು. ಆಮೇಲೆ ಎರಡೂ ಕೈಯನ್ನು ಸೊಂಟದ ಪಕ್ಕದಲ್ಲಿ ಇಟ್ಟುಕೊಂಡು ಕೂತಲ್ಲೇ ಬಾತುಕೋಳಿಯ ಹಾಗೆ ಅಲ್ಲಾಡಿದರು.

ಹಿಂದಿನ ಡ್ರಾಯರ್‌ನಿಂದ ಕ್ಯಾಸೆಟ್ ಬಂತು. ಪೆಟ್ಟಿಗೆ ಇಲ್ಲ, ಪುಸ್ತಕ ಇಲ್ಲ. ಹಿಂಬದಿಯಲ್ಲಿ ಯಾವುದೋ ಮಗು ಪೆನ್ನಿನಿಂದ ತನ್ನ ಹೆಸರು ಬರೆದಿದೆ, ವಕ್ರ ಅಕ್ಷರದಲ್ಲಿ. ನಾನು ಚಾಳಿಯಿಂದ ಅದನ್ನು ಬಾಯಿ ಹತ್ತಿರ ತಂದು ಉಫ್ ಅಂತ ಊದಲು ಹೊರಟೆ. ಯಜಮಾನರು "ಆ! ಆ!" ಅಂತ ಕೈ ಹಿಡಿದೇ ಬಿಟ್ಟರು. ಬಾಯಿಯ ಪಸೆಗೆ ಪಿನ್ ತುಕ್ಕು ಹಿಡಿಯುತ್ತದೆ ಅಂತ ಭಾವ ಅನುವಾದ ಮಾಡಿದ. ಅವರೇ ಹತ್ತಿಯ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಪಿನ್‌ಗಳ ಮೇಲೆ ಒಂದೊಂದೇ ಗೆರೆ ಎಳೆದ ಹಾಗೆ ಒರೆಸಿದರು. ಕಡ್ಡಿ ಕಪ್ಪಾಯಿತು. ಇನ್ನೊಂದು ಕಡ್ಡಿ. ಅದು ಬೂದು ಬಣ್ಣ. ಮೂರನೆಯದು ಬೆಳ್ಳಗೆ ಉಳಿದ ಮೇಲೆ ಕೆಳಗಿಟ್ಟರು. ಅವರೂ ಸಣ್ಣವರಿದ್ದಾಗ ಊದಿದ್ದರಂತೆ, ಎಲ್ಲರೂ ಊದುತ್ತಿದ್ದರಂತೆ. ಮಂಗಳೂರು, ಟೋಕಿಯೊ, ಎಲ್ಲಿಯಾದರೂ ಅದೇ ಉಫ್.

ಆಮೇಲೆ ಕೌಂಟರಿನ ಸಣ್ಣ ಟಿವಿಗೆ ಸಿಕ್ಕಿಸಿದ ಫ್ಯಾಮಿಕಾಮ್‌ಗೆ ಹಾಕಿ ಸ್ವಿಚ್ ದೂಡಿದರು. ಪೆಂಗ್ವಿನ್ ಬಂತು, ಹಿಮ ಬಂತು, ಹಾಡು ಬಂತು.

ನನ್ನ ಮುಖ ಸಪ್ಪಗಾಯಿತು. "ಇದಲ್ಲ ಭಾವ."

"ಇದೇ ಅಲ್ವಾ? ಮೀನು ನೋಡು, ಸೀಲ್ ನೋಡು."

"ಗೇಮ್ ಇದೇ. ಹಾಡು ಬೇರೆ. ಇದು ಓಡ್ತಾ ಉಂಟು. ನಮ್ಮದು ಇಷ್ಟು ಅರ್ಜೆಂಟ್ ಇರ್ಲಿಲ್ಲ."

ಭಾವ ಒಂದು ಕ್ಷಣ ಯೋಚಿಸಿದ, ಆಮೇಲೆ ನಗಲಿಕ್ಕೆ ಶುರು ಮಾಡಿದ. ಅಂಗಡಿಯಲ್ಲಿ ನಿಂತೇ ಪಾಠ ಆಯಿತು. ಜಪಾನಿನ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬಿಡಿಸುತ್ತಿತ್ತು. ನಮ್ಮ ಕಡೆಯ ಟಿವಿ 50 ಸಲ, ಆ ಪದ್ಧತಿಗೆ ಪಾಲ್ ಅಂತ ಹೆಸರು. ಈ ಗೇಮ್‌ಗಳಲ್ಲಿ ಸಂಗೀತಕ್ಕೆ ಬೇರೆ ಗಡಿಯಾರ ಇಲ್ಲ. ಒಂದು ಚಿತ್ರ ಮುಗಿದಾಗ ಹಾಡು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ದುಬೈಯಿಂದ ಬಂದ ನಮ್ಮ ಮೆಷಿನ್ ಪಾಲ್ ಟಿವಿಗೆ ಮಾಡಿದ್ದು. ಸೆಕೆಂಡಿಗೆ ಅರುವತ್ತು ಹೆಜ್ಜೆ ಹಾಕಬೇಕಾದ ಹಾಡು ನಮ್ಮಲ್ಲಿ ಐವತ್ತೇ ಹಾಕುತ್ತಿತ್ತು.

"ಹಾಗಾದ್ರೆ ಸ್ವರ ಇಳಿಬೇಕಲ್ವಾ? ಟೇಪ್ ನಿಧಾನ ಆದ್ರೆ ಗಂಟಲು ದಪ್ಪ ಆಗ್ತದಲ್ಲ?"

"ಇಲ್ಲ. ಸ್ವರ ಬರುವುದು ಮೆಷಿನ್ ಒಳಗಿನ ಚಿಪ್‌ನ ವೇಗದಿಂದ. ಅದು ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಯಕ್ಷಗಾನದಲ್ಲಿ ಭಾಗವತರು ಶ್ರುತಿ ಬದಲಿಸದೆ ತಾಳ ಮಾತ್ರ ಕೆಳಗೆ ಇಳಿಸ್ತಾರಲ್ವಾ, ಹಾಗೆ ಅಂತ ಇಟ್ಕೊ."

ಅಲ್ಲಿಗೆ ಅರ್ಥ ಆಯಿತು. ನಾವು ಜೆಪ್ಪಿನಲ್ಲಿ ಕೇಳಿದ್ದು ವಿಳಂಬದ ಪದ್ಯ. ತೊಟ್ಟಿಲು ತೂಗುವ ಹಾಗೆ ಅಂತ ನನಗೆ ಅನ್ನಿಸಿದ್ದು ದುಬೈ ಮೆಷಿನ್‌ನ ಕೃಪೆ. ಮಾಡಿದವರ ಮನಸ್ಸಿನಲ್ಲಿ ಅದು ಜಾರುತ್ತಾ ಓಡುವ ಹಾಡು.

ಮತ್ತೆ ಆ ಹಾಡು ಕೊನಾಮಿಯದ್ದೂ ಅಲ್ಲ. ಯಜಮಾನರು ಫೋನಿನಲ್ಲಿ ತೋರಿಸಿದರು. ಫ್ರಾನ್ಸಿನ ಎಮಿಲ್ ವಾಲ್ಡ್‌ಟಾಯ್‌ಫೆಲ್ 1882ರಲ್ಲಿ ಬರೆದ ವಾಲ್ಟ್ಸ್, ಹಿಮದ ಮೇಲೆ ಸ್ಕೇಟಿಂಗ್ ಮಾಡುವವರ ಬಗ್ಗೆ. ವಾಲ್ಟ್ಸ್ ಅಂದರೆ ಮೂರು ಪೆಟ್ಟಿನ ಕುಣಿತ, ಹಾಗಾಗಿ ಮೂರು ಪೆಟ್ಟು. ಹಿಮದ ಮೇಲಿನ ಪೆಂಗ್ವಿನ್‌ಗೆ ಅದನ್ನೇ ಹಾಕಿದ್ದಾರೆ. ಪ್ಯಾರಿಸಿನಲ್ಲಿ ಹುಟ್ಟಿ, ಟೋಕಿಯೊ ಸುತ್ತಿ, ದುಬೈಯಲ್ಲಿ ಕಾಲು ನಿಧಾನ ಮಾಡಿಕೊಂಡು ಜೆಪ್ಪಿಗೆ ಬಂದ ಹಾಡು. ನಮ್ಮ ಮಾವನೂ ಇಷ್ಟು ತಿರುಗಿಲ್ಲ.

ಕ್ಯಾಸೆಟ್‌ಗೆ 900 ಯೆನ್. ಅಂದರೆ ಹಿಂದಿನ ದಿನದ ನನ್ನ ಪೆದ್ದುತನದ ಮೂರನೇ ಒಂದಕ್ಕಿಂತಲೂ ಕಡಿಮೆ.

ಮನೆಗೆ ಬರುವಾಗ ರೈಲಿನಲ್ಲಿ ಭಾವ ಇನ್ನೊಂದು ವಿಷಯ ಹೇಳಿದ, ಗೇಮ್‌ಗೆ ಸಂಬಂಧ ಇಲ್ಲ, ಆದರೂ ಮಜಾ ಇದೆ. ಜಪಾನಿನ ಕರೆಂಟಿನಲ್ಲೇ ಐವತ್ತು ಅರುವತ್ತರ ಜಗಳ ಉಂಟಂತೆ. ಟೋಕಿಯೊ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. ಸಾವಿರದ ಎಂಟುನೂರ ತೊಂಬತ್ತರ ದಶಕದಲ್ಲಿ ಇವರು ಜರ್ಮನಿಯಿಂದ ಜನರೇಟರ್ ತರಿಸಿದರು, ಅವರು ಅಮೆರಿಕದಿಂದ. ಇವತ್ತಿಗೂ ಸರಿ ಮಾಡಲಿಕ್ಕೆ ಆಗಲಿಲ್ಲ. ಟಿವಿ ಮಾತ್ರ ದೇಶಕ್ಕೆಲ್ಲ ಒಂದೇ.

ನಾಲ್ಕನೇ ದಿನ, ಭಾನುವಾರ: ಹಾಡಿನ ಅಂಗಡಿಗಳು

ಇವತ್ತು ಗೇಮ್ ಬೇಡ, ಗೇಮ್‌ನ ಹಾಡು. ಜಪಾನಿನಲ್ಲಿ ಜನ ಇನ್ನೂ ಸಿಡಿ ಕೊಳ್ಳುತ್ತಾರೆ. ಶಿಬುಯಾದ ಟವರ್ ರೆಕಾರ್ಡ್ಸ್‌ನಲ್ಲಿ ಮಹಡಿ ಮೇಲೆ ಮಹಡಿ ಹತ್ತಿದರೂ ಮುಗಿಯುವುದಿಲ್ಲ. ಹಳೆಯದು ಬೇಕಾದರೆ ಶಿಂಜುಕುವಿನಲ್ಲಿ ಡಿಸ್ಕ್ ಯೂನಿಯನ್. ಅಲ್ಲಿ ಸಿಡಿಯ ಬೆನ್ನಿಗೆ ಒಂದು ಕಾಗದದ ಪಟ್ಟಿ ಇರುತ್ತದೆ, ಓಬಿ ಅನ್ನುತ್ತಾರೆ. ಕಿಮೊನೊದ ಸೊಂಟಪಟ್ಟಿಗೂ ಅದೇ ಹೆಸರು. ಆ ಒಂದಿಂಚಿನ ಕಾಗದ ಹರಿದಿದ್ದರೆ ಅಥವಾ ಇಲ್ಲದಿದ್ದರೆ ಬೆಲೆ ಇಳಿಯುತ್ತದೆ. ನಾನು ಓಬಿ ಇಲ್ಲದವನ್ನೇ ಹುಡುಕಿದೆ. ನನಗೆ ಕೇಳಲಿಕ್ಕೆ ಸಾಕು.

ಗೇಮ್ ಹಾಡಿಗೆ ಇಲ್ಲಿ ಎಷ್ಟು ಗೌರವ ಅಂದರೆ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ದೇಶದೇಶದ ಕ್ರೀಡಾಳುಗಳು ನಡೆದು ಬಂದದ್ದೇ ಗೇಮ್ ಸಂಗೀತಕ್ಕೆ. ನಾನು ಮನೆಯಲ್ಲಿ ಟಿವಿ ಮುಂದೆ ಎದ್ದು ನಿಂತಿದ್ದೆ, ಅಮ್ಮ ರಾಷ್ಟ್ರಗೀತೆ ಅಂದುಕೊಂಡು ತಾನೂ ನಿಂತಿದ್ದಳು.

ಒಂದು ಎಲ್‌ಪಿ ಕೈಗೆ ಸಿಕ್ಕಿತು. ಹರುಒಮಿ ಹೊಸೊನೊ ಅನ್ನುವ ಸಂಗೀತಗಾರ 1984ರಲ್ಲಿ ನಾಮ್ಕೊ ಕಂಪೆನಿಯ ಗೇಮ್ ಹಾಡುಗಳನ್ನು ಸೇರಿಸಿ ತಂದ ಆಲ್ಬಮ್. ಗೇಮ್ ಸಂಗೀತಕ್ಕೆ ಅಂತಲೇ ಬಂದ ಮೊದಲ ಆಲ್ಬಮ್ ಅಂತ ಇದನ್ನೇ ಹೇಳುತ್ತಾರೆ. ಕೊಳ್ಳಲಿಲ್ಲ. ಬೆಲೆ ನೋಡಿ ವಾಪಸು ಇಟ್ಟೆ, ಎರಡು ಸಲ ತೆಗೆದೆ, ಎರಡು ಸಲ ಇಟ್ಟೆ. ಮನೆಯಲ್ಲಿ ಎಲ್‌ಪಿ ಹಾಕುವ ಪೆಟ್ಟಿಗೆಯೂ ಇಲ್ಲ.

ಕೊನಾಮಿಯ ಸಂಗೀತಗಾರರ ತಂಡದ ಹೆಸರು ಕುಕೇಹಾ ಕ್ಲಬ್. ಕುಕೇಹಾ ಅಂದರೆ ಚೌಕಾಕಾರದ ಅಲೆ. ಫ್ಯಾಮಿಕಾಮ್ ಚಿಪ್ಪಿನಿಂದ ಹೊರಡುವ ಮುಖ್ಯ ಶಬ್ದವೇ ಅದು. ಒಟ್ಟು ಐದು ದಾರಿ: ರಾಗಕ್ಕೆ ಎರಡು ಚೌಕದ ಅಲೆ, ಕೆಳಸ್ವರಕ್ಕೆ ಒಂದು ತ್ರಿಕೋನದ ಅಲೆ, ತಾಳಕ್ಕೆ ಒಂದು ಶ್ಶ್ ಅನ್ನುವ ಗದ್ದಲ, ಮತ್ತೆ ರೆಕಾರ್ಡ್ ಮಾಡಿದ ತುಣುಕಿಗೆ ಒಂದು. ಇಷ್ಟರಲ್ಲೇ ಎಲ್ಲ ಮುಗಿಸಬೇಕು. ನಮ್ಮ ಹಿಮ್ಮೇಳವೂ ಅಷ್ಟೇ ಅಲ್ವಾ? ಒಬ್ಬ ಭಾಗವತರು, ಒಂದು ಮದ್ದಳೆ, ಒಂದು ಚೆಂಡೆ, ಒಂದು ಚಕ್ರತಾಳ. ಬೆಳಗಿನ ತನಕ ಯುದ್ಧ, ಮದುವೆ, ಸಾವು, ಎಲ್ಲ ಅದರಲ್ಲೇ.

ಕೊನಾಮಿಯವರು ಇನ್ನೂ ಒಂದು ಕಿತಾಪತಿ ಮಾಡಿದ್ದರು. 1989ರ ಒಂದು ಗೇಮ್‌ನ ಕ್ಯಾಸೆಟ್ ಒಳಗೇ ಬೇರೆ ಚಿಪ್ ಇಟ್ಟು ಮೂರು ಸ್ವರ ಜಾಸ್ತಿ ಮಾಡಿದರು. ಮೇಳಕ್ಕೆ ಹೊರಗಿನಿಂದ ಮೂರು ಜನ ಬಂದು ಸೇರಿದ ಹಾಗೆ. ಫ್ಯಾಮಿಕಾಮ್‌ನ 60 ಪಿನ್‌ನಲ್ಲಿ ಕ್ಯಾಸೆಟ್‌ನ ಶಬ್ದವನ್ನು ಮೆಷಿನ್‌ಗೆ ಸೇರಿಸುವ ದಾರಿ ಇತ್ತು. ಅಮೆರಿಕದ ಮೆಷಿನ್‌ನಲ್ಲಿ ಕ್ಯಾಸೆಟ್ ಕಡೆಯಿಂದ ಆ ದಾರಿ ಇಲ್ಲ, ಅಲ್ಲಿ ಅದೇ ಹಾಡು ಬಡವಾಗಿ ಕೇಳುತ್ತದೆ. ಭಾವ ಎರಡನ್ನೂ ಒಂದೊಂದು ಕಿವಿಗೆ ಹಾಕಿ ಕೇಳಿಸಿದ. ವ್ಯತ್ಯಾಸಕ್ಕೆ ವಿವರಣೆ ಬೇಡ.

ಕೊನಾಮಿಯ ಹಳೆ ಹಾಡುಗಳ ಎರಡು ಸಿಡಿ ಕೊಂಡೆ. ಅಂಗಡಿಯಿಂದ ಹೊರಗೆ ಬಂದ ಮೇಲೆ ನೆನಪಾಯಿತು, ನನ್ನ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಬಾಯಿಯೇ ಇಲ್ಲ. ಊರಿನಲ್ಲಿ ಅಪ್ಪನ ಹಳೆ ಕಾರಿಗೆ ಉಂಟು. ಸದ್ಯಕ್ಕೆ ಅದೇ ನನ್ನ ಮ್ಯೂಸಿಕ್ ರೂಮ್.

ಐದನೇ ದಿನ, ಸೋಮವಾರ

ಮಳೆ. ಕಪ್ಪಾಬಾಶಿಯಲ್ಲಿ ಅಮ್ಮನಿಗೆ ಚೂರಿ, ಅಸಾಕುಸಾದಲ್ಲಿ ಪೆನ್ಸಿಲ್ ಬಾಕ್ಸ್. ಅಂಗಡಿಯವರು ಚೂರಿಯ ಮೇಲೆ ಅಮ್ಮನ ಹೆಸರು ಕೆತ್ತಿ ಕೊಡುತ್ತೇನೆ ಅಂದರು, ಕನ್ನಡದಲ್ಲಿ ಬರೆದುಕೊಟ್ಟರೆ ಆಗುವುದಿಲ್ಲ ಅಂದರು. ಬೇಡ ಅಂದೆ. ಮೀನು ಕತ್ತರಿಸಲಿಕ್ಕೆ ಹೆಸರು ಎಂತಕ್ಕೆ.

ಸಂಜೆ ಒಂದು ಅಸಲಿ ಫ್ಯಾಮಿಕಾಮ್ ಕೊಳ್ಳುವ ಆಸೆ ಬಂತು. ಕೆಂಪು ಬಿಳಿ ಬಣ್ಣ, ಎರಡನೇ ಕಂಟ್ರೋಲರಿನಲ್ಲಿ ಮೈಕ್ ಬೇರೆ. ಭಾವ ಬಿಡಿಸಿ ಹೇಳಿದ: ಅದರ ಅಡಾಪ್ಟರ್ 100 ವೋಲ್ಟಿನದ್ದು, ನಮ್ಮ 230ಕ್ಕೆ ಸೀದಾ ಹಾಕಿದರೆ ಹೊಗೆ. ಚಿತ್ರ ಹೊರಗೆ ಬರುವುದು ಆಂಟೆನಾ ವಯರಿನಲ್ಲಿ ಮಾತ್ರ, ಅದೂ ಜಪಾನಿನ ಚಾನೆಲ್‌ಗೆ. ಇಷ್ಟೆಲ್ಲ ಸರಿ ಮಾಡಿದ ಮೇಲೆ ಹಾಡು ಅರುವತ್ತರ ವೇಗದಲ್ಲೇ ಬರುತ್ತದೆ. "ನಿನಗೆ ಅದು ಬೇಡ ಅಲ್ವಾ?" ಅಂದ. ಬೇಡ.

ಏಳನೇ ದಿನ, ಬುಧವಾರ: ಮಂಗಳೂರು

ಬೆಂಗಳೂರು ಏರ್‌ಪೋರ್ಟಿನಲ್ಲಿ ಬ್ಯಾಗ್ ಎಕ್ಸ್‌ರೇಗೆ ಹೋದಾಗ ಒಬ್ಬರು ಕರೆದರು. "ಇದೇನ್ರಿ?"

"ಕ್ಯಾಸೆಟ್ ಸರ್."

"ಹಾಡಿಂದಾ?"

"ಹೌದು ಅಂತಲೂ ಹೇಳಬಹುದು" ಅಂದೆ. ಅವರು ಪೆಂಗ್ವಿನ್ ಚಿತ್ರ ನೋಡಿ, ಮಕ್ಕಳಿಗೆ ಅಂದುಕೊಂಡು ಬಿಟ್ಟರು.

ಜೆಪ್ಪಿನ ಮನೆಗೆ ಬಂದು ಸ್ನಾನಕ್ಕೂ ಮುಂಚೆ ಅಟ್ಟ ಹತ್ತಿದೆ. ಮೆಷಿನ್ ಗೋಣಿಯಲ್ಲಿತ್ತು, ಪಕ್ಕದಲ್ಲಿ ಜಿರಳೆ ಮೊಟ್ಟೆ. ಅಡಾಪ್ಟರ್ ಸತ್ತು ಹೋಗಿತ್ತು. ಹಂಪನಕಟ್ಟೆಗೆ ಹೋಗಿ 9 ವೋಲ್ಟಿನ ಹೊಸದು ತಂದೆ, ಪಿನ್ನಿನ ಪ್ಲಸ್ ಮೈನಸ್ ಸರಿ ಉಂಟಾ ಅಂತ ಅಂಗಡಿಯವನ ಹತ್ತಿರ ಮೀಟರ್ ಇಟ್ಟು ನೋಡಿಸಿದೆ. ಸ್ಪಿರಿಟ್ ಮತ್ತು ಹತ್ತಿಯ ಕಡ್ಡಿ ಮೆಡಿಕಲ್‌ನಲ್ಲಿ ಸಿಕ್ಕಿತು. ನಕಾನೊದ ಯಜಮಾನರ ಹಾಗೆಯೇ ಒರೆಸಿದೆ. ನನಗೆ ಆರು ಕಡ್ಡಿ ಬೇಕಾಯಿತು.

ಸಂಜೆ ಉಡುಪಿಯಿಂದ ಅಕ್ಕ ಮಗಳನ್ನು ಕರೆದುಕೊಂಡು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬಂದಳು. ಎಂಎಸ್‌ಎಕ್ಸ್ ಕಥೆಯನ್ನು ಮೊದಲೇ ಹೇಳಿಬಿಟ್ಟೆ. "ಪೆಟ್ಟಿಗೆ ಚಂದ ಉಂಟು, ಶೋಕೇಸಿನಲ್ಲಿಡುವ" ಅಂದಳು. ಕ್ಯಾಸೆಟ್ ಕೈಗೆ ಕೊಟ್ಟೆ. ಅವಳು ತಿರುಗಿಸಿ ನೋಡಿದಳು, ಹಿಂದಿನ ವಕ್ರ ಅಕ್ಷರದ ಮೇಲೆ ಬೆರಳಾಡಿಸಿದಳು, ಆಮೇಲೆ ನಾನು ತಡೆಯುವ ಮುಂಚೆಯೇ ಉಫ್ ಅಂತ ಜೋರಾಗಿ ಊದಿದಳು.

ಎಲ್‌ಇಡಿ ಟಿವಿಯ ಹಿಂದೆ ಹಳದಿ ಪಿನ್ ಹಾಕಿದೆವು. ಮೊದಲ ಸಲ ಬೂದು ಪರದೆ. ಎರಡನೇ ಸಲ ಗೆರೆಗಳು. ಕ್ಯಾಸೆಟ್ ಒಂದು ಚೂರು ಎಡಕ್ಕೆ ಒತ್ತಿದಾಗ ಹಿಮ ಬಂತು. ಹಾಡು ಬಂತು. ನಿಧಾನಕ್ಕೆ.

ಅಕ್ಕನ ಮಗಳು, "ಇದೆಂತ ಮಾಮ, ಇಷ್ಟು ಸ್ಲೋ" ಅಂದಳು. ಅಕ್ಕ ಉತ್ತರ ಕೊಡಲಿಲ್ಲ. ಕಂಟ್ರೋಲರ್ ಹಿಡಿದು ನೆಲದಲ್ಲಿ ಕೂತಾಗಿತ್ತು, ಟಿವಿಗೆ ಮೂರು ಅಡಿ ಹತ್ತಿರ, ಹಿಂದೆ ಕೂರುತ್ತಿದ್ದಲ್ಲೇ. ಮೊದಲ ಹೊಂಡಕ್ಕೆ ಬಿದ್ದಳು. ಎರಡನೆಯದು ಹಾರಿದಳು. ಒಂದು ಮೀನು ಹಿಡಿದಳು.

ಅಡುಗೆಮನೆಯಲ್ಲಿ ಹೊಸ ಚೂರಿಯ ಶಬ್ದ ನಿಂತಿತು. "ಬಾತುಕೋಳಿಯಾ?" ಅಂತ ಅಮ್ಮ ಕೇಳಿದಳು.

"ನನ್ನ ಸರದಿ ಯಾವಾಗ?" ಅಂತ ನಾನು ಕೇಳಿದೆ.

"ಈ ಗೇಮಿನಲ್ಲಿ ಬಿದ್ರೆ ಸಾಯುವುದಿಲ್ಲ, ನೆನಪುಂಟಲ್ಲ? ಟೈಮ್ ಮುಗಿಬೇಕು" ಅಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ. ಆಸ್ಟ್ರೇಲಿಯಾದ ಬಾವುಟ ಏರುತ್ತಿತ್ತು.